ತಿಪ್ಪಣ್ಣನ ಉಪವಾಸ

ಹಿಟ್ಟಿನ ಗಿರಣಿ ಇದ್ದ ಮನೆಯಲ್ಲಿ ಒಂದು ಜೀವ ಹಸಿದು ಸತ್ತಿತು ಎಂದರೆ ಯಾರು ನಂಬುತ್ತಾರೆ? ಹುಮನಾಬಾದಿನಲ್ಲೂ ಯಾರೂ ನಂಬಲಿಲ್ಲ. ನಂಬದವರಲ್ಲಿ ಆ ಗಿರಣಿಯ ಮೀರಾಬಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಒಬ್ಬಳು.

ಮನೆಯ ಮುಂದಿನ ಪಡಸಾಲೆಯೇ ಗಿರಣಿ. ಹಿಂದೆ ಎರಡು ಖೋಲಿ, ಅದರಾಚೆ ಬಚ್ಚಲು, ಬಚ್ಚಲ ನೀರು ಕುಡಿದು ಬೆಳೆದ ಒಂದು ಕರಿಬೇವಿನ ಗಿಡ. ಆ ಮನೆಯಲ್ಲಿ ಎಲ್ಲದರ ಮೇಲೂ ಹಿಟ್ಟು ಕೂತಿರುತ್ತಿತ್ತು. ದೇವರ ಫೋಟೋದ ಗಾಜಿನ ಮೇಲೆ, ಒಣಹಾಕಿದ ಸೀರೆಯ ಮೇಲೆ, ಮೀರಾಬಾಯಿಯ ಕಣ್ಣರೆಪ್ಪೆಯ ಮೇಲೆ. ಹೊಸಬರು ಅವಳನ್ನು ತಲೆ ನರೆತ ಮುದುಕಿಯೆಂದೇ ತಿಳಿದು ಮಾತಾಡಿಸುವರು. ಸಂಜೆ ಅವಳು ಸೆರಗಿನಿಂದ ತಲೆ ಝಾಡಿಸಿಕೊಂಡರೆ ಕೂದಲು ಕರ್ರಗೆ ಹೊಳೆಯುತ್ತಿತ್ತು.

ಸತ್ತ ಜೀವ ಒಂದು ಹಕ್ಕಿ, ಅದನ್ನು ತಂದವನು ಮೀರಾಬಾಯಿಯ ಗಂಡ ದಿಗಂಬರ. ಬಸವಕಲ್ಯಾಣಕ್ಕೆ ಗಿರಣಿಯ ಚಕ್ರ ತಿರುಗಿಸುವ ಪಟ್ಟಾ ತರಲು ಹೋದಾಗ, ಲಾರಿಗಳಿಗೆ ಬಣ್ಣ ಹೊಡೆಯುವ ವಜೀರನ ಅಂಗಳದಲ್ಲಿ ಪಂಜರದ ತುಂಬ ಬಜ್ರಿ ತೋತಾ ಎಂಬ ಪುಟ್ಟ ಗಿಳಿಗಳು ಕಂಡವು. ಗುಬ್ಬಿಗಿಂತ ತುಸು ದೊಡ್ಡವು, ಹಸಿರು ಮೈ, ಹಳದಿ ಮುಖ, ಬೆನ್ನ ಮೇಲೆ ಕರಿಗೆರೆ. ಮನೆಯಲ್ಲಿ ಪಮ್ಮಿ ಎಂದು ಕರೆಯುವ ಮಗಳು ಪ್ರಮಿಳಾಳ ಸಲುವಾಗಿ ಒಂದು ಜೋಡಿ ತಂದ. ಚಳಿ ಬಿದ್ದ ಮೊದಲ ವಾರದಲ್ಲೇ ಒಂದು ಸತ್ತಿತು. ಅತ್ತು ಅತ್ತು ಪಮ್ಮಿಯ ಮುಖ ಬಾತುಕೊಂಡಿತು.

ಆಗ ದಿಗಂಬರನ ತಾಯಿ ಯಶೋದಾಬಾಯಿ ಮುಂದೆ ಬಂದಳು. ಕೂಸು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಮೊರದಲ್ಲಿ ಎತ್ತಿಕೊಂಡು ಬಂದು, ತಿಪ್ಪಣ್ಣ ಎಂದು ಹೆಸರಿಡುತ್ತಾರಲ್ಲ, ಕಸಕ್ಕೆ ಎಸೆದದ್ದನ್ನು ಯಮ ಎತ್ತುವುದಿಲ್ಲವೆಂದು, ಅದನ್ನೇ ಹಕ್ಕಿಗೂ ಮಾಡಿದಳು. ಪಂಜರವನ್ನು ತಿಪ್ಪೆಯ ಮೇಲಿಟ್ಟು, ಮೊರದಲ್ಲಿ ತಂದು, ಪಮ್ಮಿಯ ಹಳೆಯ ತೊಟ್ಟಿಲಲ್ಲಿ ತೂಗಿ, ಓಣಿಯ ಹೆಂಗಸರಿಗೆ ಸಕ್ಕರೆ ಪುಠಾಣಿ ಹಂಚಿ ಜೋಗುಳ ಹಾಡಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಯಶೋದಾಬಾಯಿ ನಗಲಿಲ್ಲ. ತಿಪ್ಪಣ್ಣ ಉಳಿದ.

ಗಿರಣಿಯ ಮನೆ, ಕಾಳಿಗೇನು ಬರ. ನೆಲಕ್ಕೆ ಚೆಲ್ಲಿದ ಸಜ್ಜೆ ಗುಡಿಸಿ ಹಾಕಿದರೂ ಅವನಿಗೆ ಹಬ್ಬ. ಗಿರಣಿಯ ಬಾಯಿಗೆ ಯಾರಾದರೂ ಕಾಳು ಸುರಿದ ಸಪ್ಪಳ ಕೇಳಿದರೆ ಸಾಕು, ಒಳಗಿನಿಂದ ಕಿಚಿಕಿಚಿ ಎಂದು ಹುಕುಂ ಮಾಡುವನು. "ನಮ್ಮ ಸಾಹುಕಾರ ಎದ್ದ" ಎನ್ನುವಳು ಪಮ್ಮಿ. ಕೊಡುವಾಗ ವಜೀರ ದಿಗಂಬರನಿಗೆ ಹೇಳಿಯೇ ಕಳಿಸಿದ್ದ, ಕಾಳಿನ ಜೊತೆ ಹಸಿ ಕಾಯಿಪಲ್ಯವನ್ನೂ ರೂಢಿ ಮಾಡಿಸಿರೆಂದು. ಆ ಮಾತು ಯಾರ ಕಿವಿಯಲ್ಲೂ ನಿಲ್ಲಲಿಲ್ಲ. ಎರಡು ವರ್ಷ ತಿಪ್ಪಣ್ಣ ಸಜ್ಜೆ ಬಿಟ್ಟು ಇನ್ನೊಂದರ ರುಚಿ ಕಾಣಲಿಲ್ಲ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಪಮ್ಮಿಗೆ ವಿಷಮಜ್ವರ ಬಂತು. ಊರ ಔಷಧಕ್ಕೆ ಬಗ್ಗಲಿಲ್ಲ. ಶನಿವಾರ ಸಂಜೆ ಬಾಡಿಗೆ ಜೀಪು ಬಾಗಿಲಿಗೆ ಬಂತು. ದಿಗಂಬರ ಮಗಳನ್ನು ಚಾದರದಲ್ಲಿ ಸುತ್ತಿ ಗುಲ್ಬರ್ಗದ ದವಾಖಾನೆಗೆ ಒಯ್ಯಲು ಎತ್ತಿಕೊಂಡಾಗ ಅವಳ ಕುತ್ತಿಗೆ ಅವನ ತೋಳ ಮೇಲಿಂದ ಜೋತುಬಿತ್ತು. ಒಬ್ಬರು ಗಿರಣಿ ನಡೆಸಲೇಬೇಕು. ಇಲ್ಲದಿದ್ದರೆ ದವಾಖಾನೆಯೂ ಇಲ್ಲ, ಔಷಧವೂ ಇಲ್ಲ. ಮೀರಾಬಾಯಿ ಉಳಿದಳು. ಜೀಪು ಓಣಿ ತಿರುಗಿದ ಮೇಲೆ ಅವಳು ಹೊಸ್ತಿಲ ಮೇಲೆ ಹಣೆ ಹಚ್ಚಿ, ಓಣಿಗೆ ಓಣಿಯೇ ಕೇಳುವಂತೆ ಕೂಗಿ ಹರಕೆ ಹೊತ್ತಳು.

"ನನ್ನ ಮಗಳು ತನ್ನ ಕಾಲಿಲೆ ನಡಕೋತ ಈ ಹೊಸ್ತಿಲ ದಾಟೂತನಕ ಈ ಮನ್ಯಾಗ ಒಂದು ಜೀವಾನೂ ಕಾಳು ಮುಟ್ಟಂಗಿಲ್ಲ ನನ್ನಪ್ಪಾ! ಜೋಳ ಇಲ್ಲ, ಗೋಧಿ ಇಲ್ಲ, ಉಪಾಸಕ್ಕ ನಡೆಯೂ ಭಗರ ಸೈತ ಇಲ್ಲ! ನನ್ನ ಕೂಸಿನ ಕೊಡು!"

ಯಶೋದಾಬಾಯಿ ಹಿಂದೆ ನಿಂತು "ಹೌದಪ್ಪಾ, ಹೌದು" ಎಂದು ಕೈಮುಗಿದಳು.

ಮರುದಿನ ಮುಂಜಾನೆ ಮೊದಲ ಗಿರಾಕಿ ಜೋಳ ಸುರಿದ. ಒಳಗಿಂದ ಸಾಹುಕಾರ ಕೂಗಿದ. ಮೀರಾಬಾಯಿ ಎಂದಿನಂತೆ ಸಜ್ಜೆಯ ಡಬ್ಬಿಗೆ ಕೈ ಹಾಕಿದಳು.

"ಮೀರಾ," ಎಂದಳು ಅತ್ತೆ. "ಏನ ಮಾಡಾಕತ್ತಿ?"

"ತಿಪ್ಪಗ ಕಾಳು ಹಾಕಾಕತ್ತೇನ್ರಿ ಅತ್ತಿ."

"ನಿನ್ನೆ ಏನಂದಿ ನೀನು? ಒಂದು ಜೀವಾನೂ ಅಂದಿ. ಅದು ಜೀವ ಅಲ್ಲೇನ?"

ಮೀರಾಬಾಯಿಯ ಕೈ ಡಬ್ಬಿಯಲ್ಲೇ ನಿಂತಿತು. "ಅದು ಹಕ್ಕಿರಿ ಅತ್ತಿ..."

"ತೊಟ್ಟಿಲ ಕಟ್ಟಿ ಹೆಸರಿಟ್ಟ ಹಕ್ಕಿ. ನಾನs ಇಟ್ಟೀನಿ. ನಾ ಏನ ಬ್ಯಾಡ ಅನ್ನಾಕಿ ಅಲ್ಲವ್ವಾ. ಮಾತು ಕೊಟ್ಟಾಕಿ ನೀನು, ಮಗಳು ನಿನ್ನವಳು. ಹಾಕೂದಿದ್ರ ಹಾಕು."

ಇದು ಅತ್ತೆಯ ಕ್ರೌರ್ಯವಾಗಿದ್ದರೆ ಮೀರಾಬಾಯಿಗೆ ಸುಲಭವಿತ್ತು, ಜಗಳ ತೆಗೆಯಬಹುದಿತ್ತು. ಆದರೆ ಆ ಮುದುಕಿಯೂ ರಾತ್ರಿಯಿಂದ ಬೆಲ್ಲದ ನೀರಿನ ಮೇಲೆ ಇದ್ದಳು. ಬೇಯಿಸಿದ ಆಲೂಗಡ್ಡೆಯನ್ನು ಹಲ್ಲಿಲ್ಲದ ಬಾಯಲ್ಲಿ ಹೊರಳಾಡಿಸುತ್ತ ಮೊಮ್ಮಗಳ ಹೆಸರು ಹೇಳಿ ನುಂಗುತ್ತಿದ್ದಳು. ಮಾತು ಮೀರಾಬಾಯಿಯದೇ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಹಕ್ಕಿಯ ಬಟ್ಟಲಲ್ಲಿ ಹಳೆಯ ಸಜ್ಜೆ ಉಳಿದಿತ್ತು. ಹೊಟ್ಟು ಊದಿ ಅದನ್ನೂ ಬಳಿದು ತೆಗೆದಳು.

ಹಕ್ಕಿ ಉಪವಾಸ ಬೀಳಲೆಂದು ಅವಳೇನೂ ಹೀಗೆ ಮಾಡಲಿಲ್ಲ. ಮನುಷ್ಯರು ಕಾಯಿಪಲ್ಯ ತಿಂದು ಇರಬಹುದಾದರೆ ಹಕ್ಕಿ ಯಾಕಿರಬಾರದು? ಕಾಡಿನ ಹಕ್ಕಿಗೆ ಯಾರು ಸಜ್ಜೆ ಅಳೆದು ಹಾಕುತ್ತಾರೆ? ಬಜಾರಿಗೆ ಹೋಗಿ ಎಳೆ ಮೆಂತ್ಯೆ, ಕೊತ್ತಂಬರಿ, ಒಂದು ಗಜ್ಜರಿ, ಒಂದು ಸೌತೆಕಾಯಿ ತಂದಳು. ಹೊಲಕ್ಕೆ ಔಷಧಿ ಹೊಡೆಯುವ ಕಾಲ ಎಂದು ಉಪ್ಪು ನೀರಲ್ಲಿ ತೊಳೆದು ತೊಳೆದು, ತನ್ನ ಸೆರಗಲ್ಲೇ ಒರೆಸಿ, ಮಗಳಿಗೆ ಕೋಸಂಬರಿ ಹೆಚ್ಚುವುದಕ್ಕಿಂತ ಸಣ್ಣಗೆ ಹೆಚ್ಚಿ ಬಟ್ಟಲು ತುಂಬಿಟ್ಟಳು.

ತಿಪ್ಪಣ್ಣ ಬಟ್ಟಲಿನ ಅಂಚಿಗೆ ಬಂದು ಕೂತ. ತಲೆ ಆ ಕಡೆ ಈ ಕಡೆ ಓರೆ ಮಾಡಿ ನೋಡಿದ. ಒಂದು ಎಲೆ ಕಚ್ಚಿ ಎಳೆದು ಕೆಳಗೆ ಒಗೆದ. ಇನ್ನೊಂದನ್ನೂ ಒಗೆದ. ಅಡಿಯಲ್ಲಿ ಕಾಳಿದೆಯೋ ಎಂದು ಹುಡುಕುವಂತೆ ಬಟ್ಟಲನ್ನೆಲ್ಲ ಕೆದರಿದ. ಆಮೇಲೆ ಕೋಲಿನ ಮೇಲೆ ಹೋಗಿ ಕೂತು ಗಿರಣಿಯ ಕಡೆ ಮುಖ ಮಾಡಿ ಕೂಗತೊಡಗಿದ.

ಯಶೋದಾಬಾಯಿ ಪಂಜರದಡಿ ಬಿದ್ದ ಹಸಿರು ಚೂರು ನೋಡಿ ಹಿಗ್ಗಿದಳು. "ನೋಡು, ನೋಡು! ಹ್ಯಾಂಗ ತಿಂದು ಚೆಲ್ಯಾದ! ಅದಕ್ಕೂ ಗೊತ್ತಾಗ್ಯಾದ, ಮನ್ಯಾಗ ನೇಮ ಅದ ಅಂತ."

ಮೀರಾಬಾಯಿಯೂ ಹಾಗೆಯೇ ನಂಬಬೇಕೆಂದುಕೊಂಡಳು, ನಂಬಿದಳು.

ಗುಲ್ಬರ್ಗದ ಬಸ್ಸಿನ ಕಂಡಕ್ಟರ್ ಬಂದೇನವಾಜ್ ಆ ಓಣಿಯವನೇ. ಜೋಳ ಬೀಸಿಸಲು ಬಂದವನು ಹಕ್ಕಿಯ ಕೂಗು ಕೇಳಿ ವಿಷಯ ತಿಳಿದು ಗಡ್ಡ ಕೆರೆದುಕೊಂಡ.

"ಅಲ್ರಿ ವೈನಿ, ತೋತಾಕ್ಕ ಉಪಾಸ ಖರೇ. ನಿಮ್ಮ ಗಿರಣ್ಯಾಗಿನ ಇಲಿಗೋಳಿಗಿ? ಅವು ಮುಂಜಾನೆದ್ದು ಆಲೂಗಡ್ಡಿ ಬೇಯಿಸ್ಕೋತಾವೇನ್ರಿ?"

ಗಿರಾಕಿಗಳು ನಕ್ಕರು. ಒಳಗಿನಿಂದ ಯಶೋದಾಬಾಯಿಯ ದನಿ ಬಂತು: "ಇಲಿಗಿ ನಾವು ಹೆಸರಿಟ್ಟಿಲ್ಲೋ ಬಂದ್ಯಾ! ಟಿಕೀಟು ಹರಿಯೂದು ನೋಡ್ಕೋ ಹೋಗು."

"ಹಂಗಾದ್ರ ನನ್ನ ಹೆಸರೂ ತಗದು ಬಿಡ್ರಿ ಆಯಿ, ನಾ ಬಿರಿಯಾನಿ ತಿಂದು ಬರ್ತೀನಿ" ಎಂದು ಅವನು ಡಬ್ಬಿ ಹೊತ್ತು ಹೊರಟ. ಹೋಗುವಾಗ ದನಿ ತಗ್ಗಿಸಿ, "ದಿಗಂಬರಣ್ಣ ಏನಾರ ಸುದ್ದಿ ಹೇಳಿದ್ರ ನಾನs ತಂದು ಮುಟ್ಟಿಸ್ತೀನಿ, ಚಿಂತಿ ಬಿಡ್ರಿ" ಎಂದ.

ಸೋಮವಾರ ಪಟ್ಟಾ ಹರಿಯಿತು. ಹೊಸದಕ್ಕೆ ಬಸವಕಲ್ಯಾಣಕ್ಕೆ ಹೋಗಬೇಕಾಯಿತು. ಪಟ್ಟಾ ಹರಿದದ್ದಕ್ಕೆ ಮೀರಾಬಾಯಿಗೆ ಒಳಗೊಳಗೇ ಸಮಾಧಾನವೇ ಆಯಿತು. ಹಕ್ಕಿಯ ಕೂಗು ಆಗಲೇ ತಗ್ಗಿತ್ತು. ಪುಕ್ಕ ಉಬ್ಬಿಸಿಕೊಂಡು ಉಂಡೆಯಾಗಿ ಕೂರುತ್ತಿತ್ತು. ಪೇಟೆಯಲ್ಲಿ ಪಟ್ಟಾ ಕೊಂಡು ಹೆಗಲಿಗೆ ಹಾಕಿಕೊಂಡು ನೇರ ವಜೀರನ ಅಂಗಳಕ್ಕೆ ನಡೆದಳು. ಅವನು ಒಂದು ಲಾರಿಯ ಹಿಂದಿನ ಹಲಗೆಗೆ ಗುಲಾಬಿ ಹೂ ಬಿಡಿಸುತ್ತಿದ್ದ. ಅವನ ಹೆಂಡತಿ ಶಹಜಾದಿ ಹಕ್ಕಿಗಳ ಮುಂದೆ ಪಾಲಕದ ಒಂದು ಕಟ್ಟನ್ನು ನೀರಲ್ಲಿ ಅದ್ದಿ ತೂಗುಹಾಕುತ್ತಿದ್ದಳು. ಹಕ್ಕಿಗಳು ಅದಕ್ಕೆ ಜೋತುಬಿದ್ದು ಹನಿ ಕುಡಿಯುತ್ತ, ಎಲೆ ಹರಿಯುತ್ತ ಗದ್ದಲ ಎಬ್ಬಿಸಿದ್ದವು.

"ಇವು ತಿಂತಾವಲ್ರಿ!" ಎಂದಳು ಮೀರಾಬಾಯಿ. ಅವಳಿಗೆ ಅಳು ಬಂದಿತ್ತು. "ನಮ್ಮದು ಯಾಕ ತಿನ್ನವಲ್ದು?"

ವಜೀರ ಎಲ್ಲ ಕೇಳಿಸಿಕೊಂಡ. ಕುಂಚ ಡಬ್ಬಿಯಲ್ಲಿಟ್ಟ.

"ಕಾಳು ಒಮ್ಮೆಲೆ ಬಂದ್ ಮಾಡಿದ್ರೇನ್ರಿ ಬಾಯಿ?"

"ಮಾಡಿದ್ವಿರಿ."

"ಅರೆ, ಹಂಗ ಮಾಡಬಾರದ್ರಿ! ಇವು ಕಣ್ಣು ತಗದಾಗಿಂದ ಅವರವ್ವ ತಿನ್ನೂದು ನೋಡಿ ಕಲ್ತಾವ. ನಿಮ್ಮದು ಮರಿ ಇದ್ದಾಗs ಇಲ್ಲಿಂದ ಹ್ವಾದದ್ದು, ಅದಕ್ಕ ಕೊತ್ತಂಬರಿ ಅಂದ್ರ ತಿನ್ನೂ ಜಿನಸು ಅಂತs ಗೊತ್ತಿಲ್ಲ. ಅದರ ಪಾಲಿಗಿ ಅದು ಬರೀ ಎಲಿ. ಬಟ್ಟಲ ತುಂಬ ಇಟ್ರೂ ಅದು ಉಪಾಸs." ಅವನು ಬಣ್ಣದ ಕೈಯನ್ನು ಲುಂಗಿಗೆ ಒರೆಸಿಕೊಂಡ. "ಕಲಿಸೂದಿದ್ರ ಜರಾ ಆಹಿಸ್ತಾ, ಮೆಲ್ಲಕ ಕಲಿಸಬೇಕ್ರಿ. ಕಾಳು ಕಾಳಿನ ಜಾಗಾದಾಗ ಇರಬೇಕು. ಮುಂಜಾನೆ ಕಾಳು ಇಡೂಕಿನ ಮೊದಲ, ಹಸಿವಿ ಇದ್ದಾಗ, ಒಂದು ಸಣ್ಣ ಕಟ್ಟು ತೊಳದು ಕಟ್ರಿ. ಗಜ್ಜರಿ ಹೆರದು ಕಾಳಿನಾಗ ಚೂರು ಚೂರು ಕಲಸ್ರಿ. ಮಧ್ಯಾಹ್ನ ಉಳದದ್ದು ತಗದು ಒಗೀರಿ, ಕೊಳತದ್ದು ಬಾಯಾಗ ಹೋಗಬಾರದು. ಉಳ್ಳಾಗಡ್ಡಿ ಬ್ಯಾಡ, ಹಸಿ ಆಲೂಗಡ್ಡಿ ಬ್ಯಾಡ. ಮೊದಲು ಚೆಲ್ತದ, ಆಮ್ಯಾಲ ಆಡ್ತದ, ಆಮ್ಯಾಲ ಒಂದಿನ ನುಂಗ್ತದ. ತಿಂಗಳಾದ್ರೂ ಆಗಬಹುದು."

"ತಿಂಗಳು!"

"ನಮ್ಮ ಹುಡುಗ ಬದನಿಕಾಯಿ ತಿನ್ನಾಕ ಹತ್ತು ವರ್ಷ ತಗೊಂಡಾನ್ರಿ" ಎಂದಳು ಶಹಜಾದಿ. ಆಮೇಲೆ ಮೀರಾಬಾಯಿಯ ಮುಖ ನೋಡಿ ನಗು ನುಂಗಿದಳು. "ನಮ್ಮಲ್ಲೂ ರಂಜಾನದ ಉಪಾಸ, ರೋಜಾ ಅದಾವ್ರಿ ಬಾಯಿ. ಮೂಕ ಜೀವಕ್ಕ ಯಾರೂ ರೋಜಾ ಹಾಕಂಗಿಲ್ಲ."

"ಎದಿ ಮ್ಯಾಲ ಬೆರಳಾಡಿಸಿ ನೋಡ್ರಿ" ಎಂದ ವಜೀರ. "ಎಲುಬು ಚಾಕುವಿನ ಧಾರಿ ಹಂಗ ಹತ್ತಿತಂದ್ರ ವ್ಯಾಳ್ಯಾ ಉಳದಿಲ್ಲ ಅಂತ ತಿಳೀರಿ. ನಿಮ್ಮ ಮನ್ಯಾಗ ನೇಮ ಇದ್ರ ಅದನ್ನ ಇಲ್ಲಿ ತಂದು ಬಿಡ್ರಿ. ನಮ್ಮ ಮನ್ಯಾಗ ಯಾವ ನೇಮಾನೂ ಇಲ್ಲ. ಹುಡುಗಿ ಬಂದ ಮ್ಯಾಲ ಒಯ್ಯಾಕಂತ್ರಿ."

ಹಿಂದಿರುಗುವ ಬಸ್ಸಿನಲ್ಲಿ ನಡುವಿನ ಊರು ರಾಜೇಶ್ವರ ದಾಟುವವರೆಗೂ ಮೀರಾಬಾಯಿಗೆ ಇದಕ್ಕಿಂತ ಸರಳವಾದ ದಾರಿ ಇನ್ನೊಂದಿಲ್ಲ ಅನ್ನಿಸಿತು. ಮನೆಯಲ್ಲಿನ ಜೀವ ಕಾಳು ಮುಟ್ಟಬಾರದು. ಮನೆಯಲ್ಲಿಲ್ಲದ ಜೀವಕ್ಕೆ ಏನು ತೊಡಕು? ಆದರೆ ಊರು ಹತ್ತಿರವಾದಂತೆ ಅವಳ ಧೈರ್ಯ ಸೋರಿತು. ಹಕ್ಕಿಯನ್ನು ವಜೀರನ ಮನೆಗೆ ಬಿಡುವ ಮಾತನ್ನು ಅತ್ತೆಗೆ ಅರ್ಧಂಬರ್ಧವೇ ಹೇಳಿದಳು.

ಯಶೋದಾಬಾಯಿ ಬೈಯಲಿಲ್ಲ. ಗೋಡೆಗೆ ಒರಗಿ ಕೇಳಿದಳು: "ಒಂದು ಜೀವ ಈ ಮನಿ ಬಿಟ್ಟು ಅಲ್ಲಿ ಹೋಗಿ ಮಲಗ್ಯಾದ. ಅದು ತಿರುಗಿ ಬರೂಕಿನ ಮೊದಲs ಇನ್ನೊಂದನ್ನ ನಿನ್ನ ಕೈಲೆ ಹೊಸ್ತಿಲ ದಾಟಸ್ತೀ?"

 ಬಸ್ಸಿನಲ್ಲಿ ಮೀರಾಬಾಯಿಯೂ ಅದನ್ನೇ ಯೋಚಿಸಿದ್ದಳು.

ಮಂಗಳವಾರವಿಡೀ ಅವಳು ಹೆಣಗಿದಳು. ಗಜ್ಜರಿಯನ್ನು ಸಜ್ಜೆಯ ಕಾಳಿನಷ್ಟೇ ಗುಂಡಗೆ ಕೊರೆದು ಇಟ್ಟಳು. ಶೇಂಗಾ ಕುಟ್ಟಿ ಪುಡಿ ಮಾಡಿಟ್ಟಳು. ಹಕ್ಕಿ ನೋಡಿ ಕಲಿಯುತ್ತದೆ ಎಂದಿದ್ದನಲ್ಲ, ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತು ತಾನೇ ಹಸಿ ಕೊತ್ತಂಬರಿಯನ್ನು ತುಟಿಯಲ್ಲಿ ಹಿಡಿದು, ಕೊಕ್ಕಿನಂತೆ ಚುಚ್ಚಿ ಚುಚ್ಚಿ ತಿಂದು ತೋರಿಸಿದಳು. ಹಿಟ್ಟು ಮೆತ್ತಿದ ಮುಖದ, ಹಸಿರು ಬಾಯಿಯ ಆ ಹೆಂಗಸನ್ನು ತಿಪ್ಪಣ್ಣ ಅರ್ಧ ಕಣ್ಣು ಮುಚ್ಚಿ ನೋಡಿದ. ಹೊರಗೆ ಯಾರೋ ಕಾಳು ಸುರಿದರು. ಅವನು ಕೊಕ್ಕು ತೆರೆದ, ದನಿ ಬರಲಿಲ್ಲ.

ಬುಧವಾರ ಬೆಳಗಾಗುತ್ತಲೇ ಅವಳು ಪಂಜರದೊಳಗೆ ಕೈ ಹಾಕಿ ಅವನನ್ನು ಹಿಡಿದಳು. ಯಾವಾಗಲೂ ಬೆರಳು ಕಚ್ಚುತ್ತಿದ್ದವನು ಸುಮ್ಮನೆ ಅಂಗೈಗೆ ಬಂದ. ಪುಕ್ಕದ ಕೆಳಗೆ ಬೆರಳಾಡಿಸಿದಳು. ಚಾಕುವಿನ ಧಾರೆ.

ಅತ್ತೆ ಬಚ್ಚಲಲ್ಲಿದ್ದಳು. ಮೀರಾಬಾಯಿ ಅವನನ್ನು ಪಂಜರದಲ್ಲಿ ಬಿಟ್ಟು, ಡಬ್ಬಿ ತೆಗೆದು ಒಂದು ಚಿಟಿಕೆ ಸಜ್ಜೆ ಬಟ್ಟಲಿಗೆ ಹಾಕಿದಳು. ಅವನು ಉರುಳಿಕೊಂಡಂತೆ ಬಟ್ಟಲಿಗೆ ಬಂದ. ಕಟ್, ಕಟ್ ಎಂದು ಹೊಟ್ಟು ಬಿಡಿಸುವ ಸಪ್ಪಳ. ಆ ಸಪ್ಪಳವನ್ನು ಅವಳು ಕಣ್ಣು ಮುಚ್ಚಿ ಕೇಳಿದಳು. ಮಧ್ಯಾಹ್ನ ಇನ್ನೊಂದು ಚಿಟಿಕೆ, ಸಂಜೆ ಇನ್ನೊಂದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ದೇವರು ದೊಡ್ಡವನು, ಒಂದು ಚಿಟಿಕೆ ಕಾಣಲಿಕ್ಕಿಲ್ಲ.

ಮಧ್ಯಾಹ್ನ ಎರಡನೆಯ ಚಿಟಿಕೆ ಹಾಕಿ ಹೊರಬರುವಷ್ಟರಲ್ಲಿ ಬಂದೇನವಾಜ್ ಖಾಕಿ ಅಂಗಿಯಲ್ಲೇ ಬಾಗಿಲಿಗೆ ಬಂದು ನಿಂತಿದ್ದ. ನಗುತ್ತಿರಲಿಲ್ಲ.

"ದಿಗಂಬರಣ್ಣ ಹೇಳಿ ಕಳಿಸ್ಯಾನ್ರಿ ವೈನಿ. ಜ್ವರ ಮತ್ತ ಏರ್ಯಾದಂತ. ಬಾಯಾಗ ಏನೇನೋ ಬಡಬಡಸಾಕತ್ತಾಳಂತ. ಡಾಕ್ಟರ್ ಔಷಧ ಬದಲ ಮಾಡ್ತೀನಂದಾರಂತ."

ಮುಂದೆ ಅವನು ಏನು ಹೇಳಿದನೋ ಅವಳಿಗೆ ಕೇಳಿಸಲಿಲ್ಲ. ಗಿರಣಿ ತಿರುಗುತ್ತಲೇ ಇತ್ತು. ಅವಳು ಒಳಗೆ ಓಡಿದಳು. ತಿಪ್ಪಣ್ಣ ಬಟ್ಟಲಲ್ಲಿ ತಲೆ ಇಟ್ಟು ತಿನ್ನುತ್ತಿದ್ದ. ಅವನ ಬಾಯಿಂದಲೇ ಕಿತ್ತುಕೊಂಡಂತೆ ಬಟ್ಟಲನ್ನು ಎಳೆದುಕೊಂಡಳು. ಕೆಳಗೆ ಚೆಲ್ಲಿದ ಕಾಳುಗಳನ್ನು ಉಗುರಿನಿಂದ ಒಂದೊಂದಾಗಿ ಆರಿಸಿ ತೆಗೆದಳು. ಅವನು ಅವಳ ಬೆರಳಿನ ಹಿಂದೆಯೇ ನಡೆದು ಬಂದ. ಕೊನೆಯ ಕಾಳನ್ನು ಇಬ್ಬರೂ ಒಮ್ಮೆಗೇ ನೋಡಿದರು; ಅವಳ ಕೈ ಮುಂದಾಯಿತು.

"ತಪ್ಪಾತಪ್ಪಾ, ತಪ್ಪಾತು" ಎಂದು ಗಲ್ಲ ಗಲ್ಲ ಬಡಿದುಕೊಂಡಳು.

ಗುರುವಾರ ಮುಂಜಾನೆ ತಿಪ್ಪಣ್ಣ ಪಂಜರದ ನೆಲದ ಮೇಲೆ ಅಂಗಾತ ಬಿದ್ದಿದ್ದ. ಸುತ್ತಲೂ ಅವಳು ಹೆಚ್ಚಿಟ್ಟ ಕೊತ್ತಂಬರಿ ಬಾಡಿ ಕಪ್ಪಗಾಗಿತ್ತು. ಕರಿಬೇವಿನ ಬುಡದಲ್ಲಿ ಹುಗಿದಳು. ಸಂಜೆ ದಿಗಂಬರ ಇನ್ನೊಬ್ಬರ ಕೈಲಿ ಹೇಳಿ ಕಳಿಸಿದ: ಜ್ವರ ಬಿಟ್ಟಿದೆ, ಪಮ್ಮಿ ಎದ್ದು ಕೂತಿದ್ದಾಳೆ.

ಯಶೋದಾಬಾಯಿ ಅಲ್ಲಿಯೇ ಕುಸಿದು ಕೂತಳು. ಅವಳ ಕಣ್ಣಿಂದ ನೀರು ಧಾರಾಕಾರ ಇಳಿಯಿತು. "ಒಯ್ದ! ಅಕಿ ಬ್ಯಾನಿ ಎಲ್ಲಾ ತಾನು ಒಯ್ದ! ಜೀವಕ್ಕ ಜೀವ ಕೊಟ್ಟು ಹ್ವಾದ ನನ್ನ ತಿಪ್ಪಣ್ಣ! ಮುಂಜಾನೆ ಅಂವ ಹ್ವಾದ, ಸಂಜಿಗಿ ಅಕಿ ಎದ್ದಳು. ಮೀರಾ, ಇನ್ನೇನ ಬೇಕು ನಿನಗ!"

ಮುಂದಿನ ವಾರ ಪಮ್ಮಿ ಅಪ್ಪನ ಕೈ ಬಿಟ್ಟು, ಬಡಕಲು ಕಾಲಲ್ಲಿ ತಾನೇ ನಡೆದು ಹೊಸ್ತಿಲು ದಾಟಿದಳು. ಓಣಿಯೇ ಸೇರಿತ್ತು. ಮನೆಯಲ್ಲಿ ಗೋಧಿ ಹುಗ್ಗಿ ಮಾಡಿ ನೇಮ ಬಿಟ್ಟರು. ಹಕ್ಕಿ ಎಲ್ಲಿ ಎಂದು ಪಮ್ಮಿ ಕೇಳುವ ಮೊದಲೇ ಅಜ್ಜಿ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿಬಿಟ್ಟಿದ್ದಳು. ಪಮ್ಮಿ ಅಳಲಿಲ್ಲ. ಖಾಲಿ ಪಂಜರವನ್ನು ದೊಡ್ಡವರು ಗುಡಿ ನೋಡುವಂತೆ ನೋಡಿದಳು.

ಊಟವಾದ ಮೇಲೆ ದಿಗಂಬರ ದವಾಖಾನೆಯ ಕತೆ ಹೇಳುತ್ತ ಕೂತ. "ಸೋಮವಾರ ರಾತ್ರಿ ಮಾತ್ರ ಕೈ ಬಿಟ್ಟಳು ಅಂತs ತಿಳಿದಿದ್ನಿ. ಮಂಗಳವಾರ ಔಷಧ ಬದಲ ಮಾಡಿದ್ರು. ಬುಧವಾರ ಬೆಳಗಾಗೂದು, ಜ್ವರ ಬಿಡೂದು! ಎದ್ದಾಕಿನs, ಅಪ್ಪಾ ಹಸಿವಿ ಆಗ್ಯಾದ, ಅಂದಳು."

ತಾಟು ಎತ್ತುತ್ತಿದ್ದ ಮೀರಾಬಾಯಿ ಅವನ ಕಡೆ ತಿರುಗಿದಳು. "ಯಾವಾರ ಅಂದ್ರಿ?"

"ಬುಧವಾರ."

"ಬುಧವಾರ ಮಧ್ಯಾಹ್ನ ಬಂದೇನವಾಜ್ ಬಂದು ಜ್ವರ ಏರ್ಯಾದ ಅಂದನಲ್ರಿ?"

"ನಾ ಅವಗ ಹೇಳಿದ್ದು ಮಂಗಳವಾರ ಮುಂಜಾನೆ. ಅವನ ಡ್ಯೂಟಿ ಬ್ಯಾರೆ ಕಡಿ ಬಿತ್ತಂತ, ತಡಾ ಮಾಡಿ ಹೇಳ್ಯಾನ. ಯಾಕ?"

ಅವಳು ಅವನಿಗೆ ಎಲ್ಲವನ್ನೂ ಹೇಳಿದಳು. ಬುಧವಾರ ಮುಂಜಾನೆ ತಾನು ಡಬ್ಬಿಗೆ ಕೈ ಹಾಕಿದ ಹೊತ್ತಿಗೇ ಅಲ್ಲಿ ಮಗಳು ಹಸಿವೆ ಎಂದಿದ್ದಳು. ಮುರಿದ ನೇಮ ಯಾರನ್ನೂ ಕೊಲ್ಲಲಿಲ್ಲ. ಕಾಳು ಕಿತ್ತುಕೊಂಡ ಕೈ ಕೊಂದಿತು.

ದಿಗಂಬರ ನಿದ್ದೆಗೆಟ್ಟ ಕಣ್ಣುಜ್ಜಿಕೊಂಡ. "ಹೋತಲ್ಲ ಈಗ. ಅದನ್ನ ಕೆದರಿ ಏನ ಮಾಡ್ತಿ? ಮಂದಿಗಿ ಚಲೋ ಅನಸ್ಯಾದ, ಅವ್ವಗ ಸಮಾಧಾನ ಆಗ್ಯಾದ, ಹುಡುಗಿ ಅಳವಲ್ಲಳು. ಇರಲಿ ಬಿಡು."

ಇರಲಿ ಎಂದರೆ ಇರುವ ಮಾತಲ್ಲ ಅದು, ಬೆಳೆಯಿತು. ಯಶೋದಾಬಾಯಿ ಮಾಣಿಕನಗರಕ್ಕೆ ಭಜನೆಗೆ ಹೋದಾಗ ಜೊತೆಯ ಹೆಂಗಸರಿಗೆ ಹೇಳಿದಳು. ಅವರು ತಮ್ಮ ತಮ್ಮ ಓಣಿಗೆ ಒಯ್ದರು. ಪಂಜರಕ್ಕೆ ಕುಂಕುಮ ಬಿತ್ತು, ಊದಿನಕಡ್ಡಿ ಹತ್ತಿತು. ಕೆಮ್ಮುವ ಕೂಸುಗಳನ್ನು ಎತ್ತಿಕೊಂಡು ಬಂದು ಪಮ್ಮಿಯ ಕೈಯನ್ನು ಅವುಗಳ ತಲೆಗೆ ಮುಟ್ಟಿಸಿಕೊಂಡು ಹೋಗುವವರಾದರು. ಪಮ್ಮಿ ಮೊದಮೊದಲು ನಾಚಿದಳು. ಆಮೇಲೆ ಬೆನ್ನು ನೇರ ಮಾಡಿ ಕೂರಲು ಕಲಿತಳು. ಒಂದು ದಿನ ಗಿರಣಿಗೆ ಬಂದು ಕೇಳಿದಳು:

"ಅವ್ವಾ, ನಾ ಸಾಯಾಕತ್ತೀನಂತ ತಿಪ್ಪಗ ಹ್ಯಾಂಗ ಗೊತ್ತಾತು?"

ಮೀರಾಬಾಯಿ ಗಿರಣಿಯ ಸಪ್ಪಳದಲ್ಲಿ ಕೇಳಿಸಲಿಲ್ಲವೆಂಬಂತೆ ಹಿಟ್ಟು ತುಂಬಿದಳು.

ಶ್ರಾವಣ ಕಳೆದ ಮೇಲೆ ದುಬಲಗುಂಡಿಯ ಬಸ್ಸಿನಿಂದ ಇಳಿದ ಒಬ್ಬ ಮುದುಕಿ ಗಿರಣಿ ಮನೆ ಕೇಳಿಕೊಂಡು ಬಂದಳು. ಹೆಸರು ಪಾರ್ವತಿಬಾಯಿ, ಕೂಲಿ ಮಾಡಿ ಜಡ್ಡುಗಟ್ಟಿದ ಅಂಗೈ. ಕಂಕುಳಲ್ಲಿ ಸೀರೆಯ ತುಂಡು ಮುಚ್ಚಿದ ಏನೋ ಇತ್ತು. ಅದನ್ನು ಗಿರಣಿಯ ಹಲಗೆಯ ಮೇಲಿಟ್ಟು ಬಟ್ಟೆ ಸರಿಸಿದಳು. ಸಣ್ಣ ಪಂಜರ, ಒಳಗೊಂದು ನೀಲಿ ಹಕ್ಕಿ, ಪುಕ್ಕ ಉಬ್ಬಿಸಿಕೊಂಡು ಕೂತಿತ್ತು. ಬಟ್ಟಲಲ್ಲಿ ಒಂದು ಹಿಡಿ ಮೆಂತ್ಯೆ ಸೊಪ್ಪು.

"ಮೊಮ್ಮಗ ಮಲಗ್ಯಾನ್ರಿ ಬಾಯಿ. ತಂದಿಲ್ಲದ ಹುಡುಗ. ಕಲ್ಯಾಣಕ್ಕ ಮಂದಿ ಕಳಿಸಿ ಇದನ್ನ ತರಿಸೀನಿ. ತೊಟ್ಟಿಲ ಕಟ್ಟಿ ಹೆಸರಿಟ್ಟೀನಿ. ನಿನ್ನೆಯಿಂದ ಕಾಳು ಹಾಕಿಲ್ಲ. ನಿಮ್ಮಲ್ಲಿ ಹ್ಯಾಂಗ ಮಾಡಿದ್ರಿ, ಬರೇ ಸೊಪ್ಪು ತಪ್ಪಲ ಇಡಬೇಕೋ, ನೀರೂ ಬಂದ್ ಮಾಡಬೇಕೋ? ತಪ್ಪಾಗಬಾರದು, ಅದಕ್ಕs ಕೇಳಾಕ ಬಂದೀನಿ."

ಮೀರಾಬಾಯಿ ಗುಂಡಿ ಒತ್ತಿ ಗಿರಣಿ ನಿಲ್ಲಿಸಿದಳು. ಆ ಮೌನಕ್ಕೆ ಪಮ್ಮಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಮಗಳನ್ನು ನೋಡಿ ಮೀರಾಬಾಯಿ ಒಂದು ಕ್ಷಣ ತಡೆದಳು. ಆಮೇಲೆ ತಡೆಯಲಿಲ್ಲ.

"ಯಾರ ಜೀವಾನೂ ಯಾರೂ ಒಯ್ಯಲಿಲ್ಲವ್ವಾ. ಅದು ಹಸದು ಸತ್ತಿತು. ಅದಕ್ಕ ತಪ್ಪಲ ತಿನ್ನಾಕ ಬರತಿದ್ದಿಲ್ಲ. ನಾ ಕಲಿಸಿದ್ದಿಲ್ಲ. ಹುಚ್ಚರಂಗ ಹರಕಿ ಹೊತ್ತು, ಅದರ ಬಾಯಾಗಿನ ಕಾಳು ಈ ಕೈಲೆ ಕಿತಕೊಂಡೀನಿ. ನನ್ನ ಮಗಳ ಜ್ವರ ಅದು ಸಾಯೂ ಮುಂಚೆನs ಬಿಟ್ಟಿತ್ತು."

"ಸುಳ್ಳ!" ಎಂದಳು ಪಮ್ಮಿ.

ಪಾರ್ವತಿಬಾಯಿ ಪಮ್ಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾದ್ರ ಈ ಕೂಸು ಹ್ಯಾಂಗ ಉಳೀತ್ರಿ?"

"ಔಷಧಲೆ. ಗುಲ್ಬರ್ಗದ ಡಾಕ್ಟರ ಔಷಧಲೆ."

"ನಮ್ಮ ಹುಡುಗಗೂ ಅದs ದವಾಖಾನ್ಯಾಗ ತೋರಿಸೀವ್ರಿ" ಎಂದಳು ಮುದುಕಿ ಮೆಲ್ಲಗೆ. "ಅದs ಔಷಧ ಕೊಟ್ಟಾರ."

 ಇಷ್ಟರಲ್ಲಿ ಒಳಗಿನಿಂದ ಯಶೋದಾಬಾಯಿ ಕರೆದಳು: "ಯಾರವ್ವಾ? ಇಲ್ಲಿ ಬಾ, ನಾ ಹೇಳ್ತೀನಿ. ನಮ್ಮ ಸೊಸಿಗಿ ಆ ಹಕ್ಕಿ ಹ್ವಾದಾಗಿಂದ ತಲಿ ಸರಿ ಇಲ್ಲ. ಮನಸಿಗಿ ಹಚ್ಚಿಕೊಂಡಾಳ."

ಪಾರ್ವತಿಬಾಯಿ ಚಪ್ಪಲಿ ಬಿಟ್ಟು, ಖಾಲಿ ಪಂಜರಕ್ಕೆ ಕೈಮುಗಿಯುತ್ತ ಒಳಗೆ ಹೋದಳು. ಹಲಗೆಯ ಮೇಲೆ ನೀಲಿ ಹಕ್ಕಿ ಉಳಿಯಿತು.

ಮೀರಾಬಾಯಿ ಬಾಗಿ ನೆಲದ ಮೇಲಿನ ಸಜ್ಜೆಯನ್ನು ಹಿಡಿ ತುಂಬ ಬಳಿದಳು.

"ಹಾಕಬ್ಯಾಡ ಅವ್ವಾ" ಎಂದಳು ಪಮ್ಮಿ.  "ಅವರ ಹುಡುಗ ಸಾಯ್ತಾನ. ಹಾಕಬ್ಯಾಡ!"

ಮೀರಾಬಾಯಿ ಸರಳುಗಳ ನಡುವಿಂದ ಇಡೀ ಹಿಡಿ ಸುರಿದಳು. ಹಕ್ಕಿ ಮೆಂತ್ಯೆಯನ್ನು ತುಳಿದುಕೊಂಡು ಇಳಿದು ಬಂತು. ಕಟ್, ಕಟ್, ಕಟ್.

ಪಮ್ಮಿ ಕಿರುಚಿದಳು. ಪಾರ್ವತಿಬಾಯಿ ಓಡಿ ಬಂದು ನೋಡಿದಳು. ಕಾಳನ್ನು ನೋಡಿದಳು, ತಿನ್ನುವ ಹಕ್ಕಿಯನ್ನು ನೋಡಿದಳು, ಹಿಟ್ಟು ಮೆತ್ತಿದ ಆ ಕೈಯನ್ನು ನೋಡಿದಳು. ಪಂಜರ ಕಸಿದುಕೊಂಡು ಬುಡಮೇಲು ಮಾಡಿ ಕಾಳು ಕೊಡವಿದಳು; ಹಕ್ಕಿ ಸರಳಿಗೆ ಬಡಿದುಕೊಂಡಿತು.

"ನಿನ್ನ ಕೂಸು ಉಳಕೊಂಡಾದಲ್ಲ ಬಾಯಿ" ಎಂದಳು. ದನಿ ಏರಿಸಲಿಲ್ಲ. "ನನ್ನ ಕೂಸು ಉಳದ್ರ ನಿನಗೇನಾಗತಿತ್ತು?"

ಸೀರೆಯ ತುಂಡನ್ನು ಪಂಜರಕ್ಕೆ ಮುಚ್ಚಿ, ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಪಮ್ಮಿ ಆ ಚಪ್ಪಲಿಗಳನ್ನು ಎತ್ತಿಕೊಂಡು "ಆಯೀ, ಆಯೀ" ಎನ್ನುತ್ತ ಅವಳ ಹಿಂದೆ ಓಡಿದಳು. ತಾಯಿಯ ಕಡೆ ತಿರುಗಿ ನೋಡಲಿಲ್ಲ. ಗಿರಾಕಿಯೊಬ್ಬ ಡಬ್ಬಿ ಹೊತ್ತು ಮೆಟ್ಟಿಲ ಬಳಿ ನಿಂತಿದ್ದ. ಬರಲೋ ಬೇಡವೋ ಎಂಬಂತೆ ಒಳಗೆ ಇಣುಕಿದ. ಮೀರಾಬಾಯಿ ಗುಂಡಿ ಒತ್ತಿದಳು, ಗಿರಣಿ ತಿರುಗಿತು.

ದುಬಲಗುಂಡಿಯ ಆ ಹುಡುಗ ಉಳಿದನೋ ಇಲ್ಲವೋ ಎಂದು ಅವಳು ಯಾರನ್ನೂ ಕೇಳಲಿಲ್ಲ. ಆ ಊರಿನಿಂದ ಬೀಸಲು ಬರುತ್ತಿದ್ದ ಮಂದಿ ಬೇರೆ ಗಿರಣಿಗೆ ಹೋಗತೊಡಗಿದರು.